ಬೆಸುಗೆಯ ಪಕ್ಕದ ಚುಕ್ಕಿ

ಪತ್ತಾರರು ತೀರಿಕೊಂಡ ಮೂರನೆಯ ವಾರ ಅವರ ಹೆಂಡತಿ ಫೋನು ಮಾಡಿದರು. ಗ್ಯಾರೇಜಿನಲ್ಲಿರುವ ಅವರ ಕಸುಬಿನ ಸಾಮಾನು ಮಾರಿಸಿಕೊಡಬೇಕಂತೆ. ಇಂಥ ಕೆಲಸಕ್ಕೆ ನ್ಯೂಜಿಲೆಂಡಿನ ಈ ಲೋವರ್ ಹಟ್‌ನ ಕನ್ನಡದವರು ನನ್ನನ್ನೇ ಕರೆಯುವುದು. ನಾನು ಇಪ್ಪತ್ತೆರಡು ವರ್ಷದಿಂದ ಇಲ್ಲಿ ಡೈರಿ ನಡೆಸುತ್ತಿದ್ದೇನೆ. ಡೈರಿ ಎಂದರೆ ಈ ದೇಶದಲ್ಲಿ ಮೂಲೆ ಅಂಗಡಿ; ಹಾಲು, ಬ್ರೆಡ್ಡು, ಲಾಟರಿ ಚೀಟಿ, ನನ್ನ ಡೈರಿಯಲ್ಲಾದರೆ ಇಂಗು, ರಾಗಿ ಹಿಟ್ಟು. ಬಂದ ಹೊಸದರಲ್ಲಿ ನನಗೆ ಚಹಾ ಮಾರಲೂ ಗೊತ್ತಿರಲಿಲ್ಲ. ಈಗ ಯಾವ ವಸ್ತು ಯಾರಿಗೆ ಬೇಕು, ಅವರು ಬೆಲೆಯಲ್ಲಿ ಎಲ್ಲಿಯವರೆಗೆ ಏರುತ್ತಾರೆ ಎಂದು ಮುಖ ನೋಡಿ ಹೇಳಬಲ್ಲೆ.

ಕತ್ತರಿ, ಇಕ್ಕಳ, ಚಿನ್ನ ಕರಗಿಸುವ ಮೂಸೆ, ತಂತಿ ಎಳೆಯುವ ಕಂಬಚ್ಚು, ತೂಕದ ತಕ್ಕಡಿ. ಒಡವೆ ರಿಪೇರಿ ಕಲಿಯುತ್ತಿದ್ದ ಒಬ್ಬ ಹುಡುಗಿ ಒಂದೇ ಮಧ್ಯಾಹ್ನ ಎಲ್ಲವನ್ನೂ ತೆಗೆದುಕೊಂಡು ಹೋದಳು. ಒಂದನ್ನು ಮಾತ್ರ ನಾನು ಕೊಡಲಿಲ್ಲ. ಬೆರಳುದ್ದದ, ತುದಿ ಚೂಪಾದ ಉಕ್ಕಿನ ಉಳಿ. ಅದು ಈಗ ನನ್ನ ಕೈಚೀಲದಲ್ಲಿ ಇದೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಇಲ್ಲಿಯವರಿಗೆ ತಿಳಿಯಲಿಕ್ಕಿಲ್ಲ. ಗದಗಿನ ಕಡೆಯ ಚಿನ್ನದ ಕೆಲಸದವರು, ಆ ಕಡೆಯ ರೂಢಿಯಂತೆ ನಮಗೆಲ್ಲ ಪತ್ತಾರರು. ಹೆಂಡತಿ ನರ್ಸು, ಆಕೆಗೆ ಇಲ್ಲಿನ ವೃದ್ಧಾಶ್ರಮದಲ್ಲಿ ಕೆಲಸ ಸಿಕ್ಕಾಗ ಜೊತೆಗೆ ಬಂದರು. ಮೂವತ್ತು ವರ್ಷ ಕುಳಿತು ಕೆಲಸ ಮಾಡಿದ ಮನುಷ್ಯ ನಿಂತಾಗಲೂ ಸ್ವಲ್ಪ ಕುಳಿತಂತೆಯೇ ಕಾಣುತ್ತಿದ್ದರು. ಯೋಚನೆಗೆ ಬಿದ್ದರೆ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜುತ್ತಿದ್ದರು, ಅಲ್ಲಿ ಚಿನ್ನದ ಪುಡಿ ಅಂಟಿದೆಯೇನೋ ಎನ್ನುವ ಹಾಗೆ. ಉರಿ ಹಚ್ಚುವ ಮುಂಚೆ ಕೆಲಸದ ಮಣೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವರು. ಉರಿ ಕೈಯಲ್ಲಿದ್ದಷ್ಟು ಹೊತ್ತು ಮಾತಿಲ್ಲ. ನಾನು ಆಗಲೇ ಗಿರಾಕಿಗಳ ಪರವಾಗಿ ಮಜೂರಿ ಇಳಿಸಲು ನೋಡುತ್ತಿದ್ದೆ. ಉರಿ ಆರಿಸಿ, ಕನ್ನಡಕ ಹಣೆಗೇರಿಸಿ ಹೇಳುವರು: "ಬೆಂಕಿ ಮುಂದ ಚೌಕಾಸಿ ನಡಿಯಂಗಿಲ್ರಿ ಅಕ್ಕಾರ."

ಹಗಲು ಅವರು ಊರಿನೊಳಗಿನ ಒಂದು ಒಡವೆ ಅಂಗಡಿಯಲ್ಲಿ ರಿಪೇರಿ ಮಾಡುತ್ತಿದ್ದರು. ಶನಿವಾರ, ಭಾನುವಾರ ಗ್ಯಾರೇಜಿನಲ್ಲಿ ನಮ್ಮವರ ಕೆಲಸ. ಆ ಕೆಲಸ ತಂದುಕೊಡುತ್ತಿದ್ದವಳು ನಾನು. ವೆಲಿಂಗ್ಟನ್‌ನಿಂದ ಟ್ರೈನು ಹತ್ತಿ ಬರುವ ಹೆಂಗಸರು ಮುರಿದ ಜುಮುಕಿ, ತುಂಡಾದ ಸರ ನನ್ನ ಡೈರಿಯಲ್ಲಿ ಕೊಟ್ಟು ಹೋಗುವರು. ಅದಕ್ಕೆ ಬದಲಾಗಿ ನನ್ನ ಒಡವೆಗೆ ಮಜೂರಿ ಇಲ್ಲ. ಹೀಗೆಂದು ಮೊದಲ ದಿನವೇ ಮಾತಾಡಿಕೊಂಡಿದ್ದೆ.

ನನ್ನ ನಾಲ್ಕು ಬಳೆಗಳೂ ಬೆಸುಗೆ ಬಿಟ್ಟುಕೊಂಡಿದ್ದವು. ಅವರು ನೋಡಿ, "ಅಂಗಡ್ಯಾಗ ಬ್ಯಾರೆ ಬೆಸಿಗಿ ಐತ್ರಿ ಅಕ್ಕಾರ. ಹೊಗಿ ಇಲ್ಲ, ಏನಿಲ್ಲ. ಅದರಾಗ ಮಾಡ್ಲಿ?" ಎಂದರು.

"ಬೇಡ, ಪತ್ತಾರ್ರೇ. ನಮ್ದು ಕೆ.ಡಿ.ಎಂ. ಆಗ್ಬೇಕು. ನಾಳೆ ಊರಲ್ಲಿ ಬದಲಾಯಿಸೋಕೆ ಹೋದ್ರೆ ಕೇಳ್ತಾರೆ."

ನಮ್ಮ ವಯಸ್ಸಿನವರಿಗೆ ನೆನಪಿರಬೇಕು. ಮೈಸೂರಾಗಲಿ ಬೆಂಗಳೂರಾಗಲಿ, ಒಡವೆ ಅಂಗಡಿಯ ಬೋರ್ಡಿನ ಮೇಲೆ ಕೆ.ಡಿ.ಎಂ. ಎಂದು ದಪ್ಪಕ್ಷರದಲ್ಲಿ ಇರುತ್ತಿತ್ತು. ಅದು ಶುದ್ಧ ಚಿನ್ನದ ಜಾತಿ ಎಂದೇ ನಾನು ತಿಳಿದಿದ್ದೆ. ಅಲ್ಲ. ಅದು ಕ್ಯಾಡ್ಮಿಯಂ ಎಂಬ ಲೋಹ. ಚಿನ್ನಕ್ಕೆ ಚಿನ್ನ ಕೂಡಿಸುವ ಬೆಸುಗೆಯಲ್ಲಿ ಅದನ್ನು ಸ್ವಲ್ಪ ಬೆರೆಸುತ್ತಾರೆ. ಬೆಸುಗೆ ಬೇಗ ಕರಗಿ ಹರಿಯುತ್ತದೆ, ಕ್ಯಾಡ್ಮಿಯಂ ಬಹುಪಾಲು ಹೊಗೆಯಾಗಿ ಹಾರಿಹೋಗುತ್ತದೆ, ಚಿನ್ನದ ದರ್ಜೆ ಇಳಿಯುವುದಿಲ್ಲ. ಹಾರಿದ್ದು ಎಲ್ಲಿಗೆ ಹೋಯಿತು ಎಂದು ಕೊಳ್ಳುವ ನಾವು ಯಾರೂ ಕೇಳಲಿಲ್ಲ. ಮುಂದೆ ಬಗ್ಗಿ ಕುಳಿತವನ ಮೂಗಿಗೆ ಹೋಗುತ್ತಿತ್ತು.

ಪತ್ತಾರರು ಊರಿಂದ ಬರುವಾಗ ಆ ಬೆಸುಗೆಯ ತೆಳು ಪಟ್ಟಿ ತಂದಿದ್ದರು. ನಾನು ಕೇಳಿದೆ, ಉಳಿದ ಹೆಂಗಸರಿಗೂ ಹೇಳಿಕೊಟ್ಟೆ, ಅವರೂ ಕೇಳಿದರು. ಇದರ ಮೇಲೆ ನಮ್ಮ ಹಟ್ ಕಣಿವೆಯ ಗಾಳಿ. ಗ್ಯಾರೇಜಿನ ಬಾಗಿಲು ಒಂದು ಗೇಣು ತೆರೆದರೂ ಉರಿ ಬಾಗಿ ಆರಿಹೋಗುತ್ತಿತ್ತು. ಒಂದು ಶನಿವಾರ ಅವರು ಮೂರು ಸಲ ಹಚ್ಚಿ ಮೂರು ಸಲ ಆರಿದ್ದನ್ನು ಕಂಡು, ನಾನೇ ಡೈರಿಯಿಂದ ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಗಳನ್ನು ತಂದು ಬಿಚ್ಚಿ, ಬಾಗಿಲ ಕೆಳಗಿನ ಸಂದಿಗೂ ಗೋಡೆಯ ಜಾಲರಿಗೂ ತುರುಕಿದೆ. ಗಾಳಿ ನಿಂತಿತು.

"ನೋಡ್ರಿ, ಈಗ ಹೆಂಗ ನೆಟ್ಟಗ ನಿಂತೈತಿ" ಎಂದು ಉರಿ ನೋಡಿ ಖುಷಿಪಟ್ಟರು.

ಮೂರು ವರ್ಷ ಹಾಗೆ ನಡೆಯಿತು.

ಒಂದು ದಿನ ಡೈರಿಗೆ ಬಂದು ಇಂಗಿನ ಡಬ್ಬಿ ತೆಗೆದು ಮೂಸಿದರು. ಹೊಸ ಮಾಲು, ಮುಚ್ಚಳ ತೆಗೆದರೆ ಎದುರಿನ ಬಸ್ ಸ್ಟಾಪಿನವರು ತಿರುಗಿ ನೋಡುವಂಥದ್ದು. ಅವರು ಮತ್ತೆ ಮೂಸಿ, "ವಾಸನಿನ ಇಲ್ಲಲ್ರಿ ಇದಕ್ಕ" ಎಂದರು.

ನನಗೆ ನಗು ಬಂತು. "ಪತ್ತಾರ್ರೇ, ಈ ಆಟ ನನ್ನ ಹತ್ರ ಬೇಡ. ಮಾಲು ಸರಿಯಿಲ್ಲ ಅಂದ್ರೆ ರೇಟು ಇಳಿಸ್ತೀನಿ ಅಂದ್ಕೊಂಡ್ರಾ? ಈ ವಿದ್ಯೆ ನಾನೇ ನಾಲ್ಕು ಜನಕ್ಕೆ ಕಲಿಸಿದೀನಿ."

ಅವರು ಡಬ್ಬಿ ಮುಚ್ಚಿ, ಹೇಳಿದಷ್ಟು ಕೊಟ್ಟು ಹೋದರು. ಹೆಬ್ಬೆರಳು ಉಜ್ಜುತ್ತಿದ್ದರು. ಆ ಹೊತ್ತಿಗೆ ಬೆಸುಗೆಯ ಹೊಗೆಯಿಂದ ಅವರಿಗೆ ವಾಸನೆ ತಿಳಿಯದಾಗಿ ಒಂದು ವರ್ಷವಾಗಿತ್ತು ಎಂದು ನನಗೆ ಆಮೇಲೆ ತಿಳಿಯಿತು. ವ್ಯಾಪಾರ ಮಾಡುವವರಿಗೆ ಒಂದು ಮಾತು ಹೇಳುತ್ತೇನೆ, ಕೇಳಿ: ಎದುರಿನವನ ಪ್ರತಿ ಮಾತೂ ಚೌಕಾಸಿಯಲ್ಲ. ಒಮ್ಮೊಮ್ಮೆ ಅವನು ತನ್ನ ಕಾಯಿಲೆ ಹೇಳುತ್ತಿರುತ್ತಾನೆ.

ಮುಂದಿನ ಚಳಿಗಾಲ ಕೆಮ್ಮಿ ಕೆಮ್ಮಿ ಒಂದು ಪಕ್ಕೆಲುಬು ಬಿರುಕುಬಿಟ್ಟಿತು. ಬರೀ ಕೆಮ್ಮಿಗೆ ಎಲುಬು ಬಿರಿಯಬಾರದು ಎಂದು ಹೆಂಡತಿ ಹಟ ಹಿಡಿದು ಡಾಕ್ಟರಲ್ಲಿಗೆ ಕಳಿಸಿದರು. ಆಕೆಗೆ ಡ್ಯೂಟಿ ಇದ್ದುದರಿಂದ ಕಾರು ಓಡಿಸಿದ್ದೂ ನಾನೇ, ಇಂಗ್ಲಿಷ್ ಮಾತಾಡಿದ್ದೂ ನಾನೇ. ಮೂತ್ರದಲ್ಲಿ ಪ್ರೋಟೀನು ಹೋಗುತ್ತಿತ್ತು. ಇನ್ನಷ್ಟು ಪರೀಕ್ಷೆ ಮಾಡಿಸಿ, ಲೋಹದ ವಿಷ ಎಲ್ಲಿಂದ ಬಂತೆಂದು ಡಾಕ್ಟರು ಮತ್ತೆ ಕರೆದು ಕೇಳಿದರು: ಸಿಗರೇಟು ಸೇದುತ್ತೀರಾ? ಇಲ್ಲ. ದಕ್ಷಿಣದ ಬ್ಲಫ್ ಕಡಲಿನ ಸಿಂಪಿ ತುಂಬ ತಿನ್ನುತ್ತೀರಾ? ಕುರಿಯ ಕಿಡ್ನಿ, ಲಿವರ್?

ಪತ್ತಾರರು ನನ್ನ ಕಡೆ ತಿರುಗಿದರು. "ಇವ್ರಿಗೆ ಹೇಳ್ರಿ, ನಾವು ಉಳ್ಳಾಗಡ್ಡಿ ತಿನ್ನೂದ ಒಂದು ದೊಡ್ಡ ಪಾಪ."

"ಹಾಗಾದರೆ ಏನು ಕೆಲಸ ಮಾಡುತ್ತೀರಿ?" ಎಂದರು ಡಾಕ್ಟರು. ಅಲ್ಲಿಗೆ ಎಲ್ಲ ತಿಳಿಯಿತು. ಕ್ಯಾಡ್ಮಿಯಂ ಅವರ ಕಿಡ್ನಿಗಳಲ್ಲಿ ಮನೆ ಮಾಡಿತ್ತು. ಗದಗಿನ ಮೂವತ್ತು ವರ್ಷ ಅಡಿಪಾಯ ಹಾಕಿತ್ತು, ನನ್ನ ರಟ್ಟಿನ ಪೆಟ್ಟಿಗೆಗಳು ಮಾಳಿಗೆ ಎಬ್ಬಿಸಿದ್ದವು. ಹೀಗೇ ಮುಂದುವರಿದರೆ ವಾರಕ್ಕೆ ಮೂರು ದಿನ ಡಯಾಲಿಸಿಸ್ ಯಂತ್ರದ ಪಕ್ಕ ಮಲಗುವ ಕಾಲ ದೂರವಿಲ್ಲ ಎಂದರು. ಕಿಡ್ನಿಯ ದೊಡ್ಡ ಡಾಕ್ಟರನ್ನು ಕಾಣಲು ಸರ್ಕಾರಿ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಆ ಸರದಿ ಬರುವುದು ಕೆಲವು ವಾರದ ಮೇಲೆ.

ಸರದಿಯಲ್ಲಿ ಕಾಯುವ ಜಾಯಮಾನ ನನ್ನದಲ್ಲ. ಕೀಲೇಷನ್ ಎಂಬ ಚಿಕಿತ್ಸೆ ಕೊಡುವ ಒಂದು ಖಾಸಗಿ ಜಾಗ ಹುಡುಕಿದೆ. ನರಕ್ಕೆ ಡ್ರಿಪ್ ಹಾಕುತ್ತಾರೆ, ಆ ಔಷಧಿ ರಕ್ತದಲ್ಲಿ ಸುತ್ತಿ ವಿಷದ ಲೋಹವನ್ನು ಹಿಡಿದುಕೊಂಡು ಮೂತ್ರದಲ್ಲಿ ಹೊರಹಾಕುತ್ತದೆ. ಕೇಳಿದ ಕೂಡಲೇ ನನಗೆ ಹಿಡಿಸಿತು. ಒಳಗೆ ಹೋದದ್ದನ್ನು ಹೊರಗೆ ತೆಗೆಯುವುದು, ಇನ್ನೇನು ಬೇಕು? ಅಲ್ಲಿ ಮೊದಲು ಒಂದು ಮಾತ್ರೆ ನುಂಗಿಸಿ, ಆಮೇಲೆ ಮೂತ್ರ ಹಿಡಿದು ಪರೀಕ್ಷೆ ಮಾಡಿದರು. ಫಲಿತಾಂಶದಲ್ಲಿ ಕ್ಯಾಡ್ಮಿಯಂ ಗೆರೆ ಕೆಂಪು ಬಣ್ಣದಲ್ಲಿ ಕಾಗದದ ಅಂಚಿನವರೆಗೆ ಓಡಿತ್ತು. ಅದನ್ನು ನೋಡಿದ ಮೇಲೂ ನನ್ನ ಬಾಯಿ ನಿಲ್ಲಲಿಲ್ಲ. ಹತ್ತು ಡ್ರಿಪ್ಪಿಗೆ ಎಂಟರ ದರ ಒಪ್ಪಿಸಿದೆ.

ಒರಗು ಕುರ್ಚಿಯಲ್ಲಿ ಅವರನ್ನು ಕೂರಿಸಿದರು. ನಿಂಬೆ ಹೋಳು ಹಾಕಿದ ನೀರು ಕೊಟ್ಟರು. ಡ್ರಿಪ್ ಹಾಕುವ ಹೆಂಗಸು ಒಳ್ಳೆಯವಳೇ, ನಗುತ್ತ ತೋಳಿಗೆ ಪಟ್ಟಿ ಕಟ್ಟಿದಳು. ಸೂಜಿ ಕೈಗೆತ್ತಿಕೊಂಡಾಗ ಪತ್ತಾರರು, "ಒಂದ್ ನಿಮಿಷ ರೀ" ಎಂದು ನನ್ನನ್ನು ನೋಡಿದರು.

"ತಗದ ಲೋಹ ಎಲ್ಲಿಂದ ಹೊರಗ ಹೋಗ್ತೈತಿ, ಕೇಳ್ರಿ."

ಕೇಳಿದೆ. ಕಿಡ್ನಿಯಿಂದ ಎಂದಳು.

"ಕೆಟ್ಟಿದ್ದೂ ಅವ ಅಲ್ಲೇನ್ರಿ?"

ಅದನ್ನೂ ಕೇಳಿದೆ. ನಾವು ಆಗಾಗ ನೋಡಿಕೊಳ್ಳುತ್ತೇವೆ, ಚಿಂತೆ ಬೇಡ ಎಂದಳು. ಪತ್ತಾರರ ಹೆಬ್ಬೆರಳು ತೋರುಬೆರಳಿನ ಮೇಲೆ ನಿಧಾನ ಓಡಾಡಿತು.

"ಮೂಸಿ ಸೀಳಿತ್ತಂದ್ರ ಅದರಾಗ ಮತ್ತ ಬಂಗಾರ ಕಾಸಂಗಿಲ್ರಿ. ಮೊದ್ಲ ಮೂಸಿ ಹೆಂಗೈತಿ ನೋಡ್ಬೇಕು. ಕಿಡ್ನಿ ಡಾಕ್ಟರ್ ಏನಂತಾರ ಕೇಳೋಣು" ಎಂದು, ತೋಳಿನ ಪಟ್ಟಿ ತಾವೇ ಬಿಚ್ಚಿ ಅಂಗಿಯ ತೋಳು ಇಳಿಸಿದರು. ಕುರ್ಚಿಯಿಂದ ಇಳಿದು ಆಕೆಗೆ ಕೈಮುಗಿದರು.

ಕಾರಿನಲ್ಲಿ ನಾನು ಸುಮ್ಮನಿರಲಿಲ್ಲ. "ಎಷ್ಟು ಮಾತಾಡಿ ಒಪ್ಪಿಸಿದ್ದೆ ಗೊತ್ತಾ? ಡಯಾಲಿಸಿಸ್ ಮೇಲೆ ಮಲಗೋ ಆಸೆ ಇದ್ಯಾ ನಿಮ್ಗೆ?"

"ಅಕ್ಕಾರ, ನೀವು ಯಮ ಬಂದ್ರೂ ಎರಡು ದಿನ ಜಾಸ್ತಿ ಕೇಳಾವ್ರು."

"ಕೇಳ್ದೇ ಇದ್ರೆ ಅವನಾಗೇ ಕೊಡ್ತಾನಾ?"

ಪಕ್ಕೆ ಹಿಡಿದುಕೊಂಡು ನಕ್ಕರು. ನಕ್ಕರೆ ನೋವಾಗುತ್ತಿತ್ತು. ಆಮೇಲೆ ಅದೇ ಮಾತು: "ಬೆಂಕಿ ಮುಂದ ನಡಿಯಂಗಿಲ್ರಿ."

ಕಿಡ್ನಿ ಡಾಕ್ಟರು ಎತ್ತರದ, ಬಿಳಿಗೂದಲಿನ ಹೆಂಗಸು. ನಾನು ಆ ಕೆಂಪು ಗೆರೆಯ ಕಾಗದ ಮುಂದಿಟ್ಟೆ. ಆಕೆ ನೋಡಿ ಬದಿಗಿಟ್ಟರು. ಆ ಮಾತ್ರೆ ನುಂಗಿಸಿದರೆ ನಿಮ್ಮ ಗೆರೆಯೂ ಏರುತ್ತದೆ, ನನ್ನದೂ ಏರುತ್ತದೆ. ಯಾವ ಮರ ಅಲ್ಲಾಡಿಸಿದರೂ ನಾಲ್ಕು ಎಲೆ ಉದುರುತ್ತವೆ, ಅದರಿಂದ ಮರದ ಕಾಯಿಲೆ ಗೊತ್ತಾಗುವುದಿಲ್ಲ ಎಂದರು. ಸೀಸದ ವಿಷಕ್ಕೆ ಕೀಲೇಷನ್ ಕೆಲಸ ಮಾಡುತ್ತದೆ, ನಾವೂ ಕೊಡುತ್ತೇವೆ. ಆದರೆ ವರ್ಷಗಟ್ಟಲೆ ಕಿಡ್ನಿಯೊಳಗೆ ಕೂತ ಕ್ಯಾಡ್ಮಿಯಂಗೆ ಅದು ಗುಣ ಕೊಡುತ್ತದೆ ಎನ್ನಲು ನಂಬುವಂಥ ಆಧಾರವಿಲ್ಲ; ಕೆಲವು ಔಷಧಿಯಿಂದ ಕಿಡ್ನಿಯ ಮೇಲೆ ಇನ್ನಷ್ಟು ಹೊರೆ ಬೀಳಬಹುದು. ನಿಮ್ಮ ಪ್ರಶ್ನೆ ಸರಿಯಾಗಿತ್ತು ಎಂದು ಪತ್ತಾರರಿಗೇ ಹೇಳಿದರು.

"ಹಂಗಾರ ಒಳಗ ಇದ್ದದ್ದು?"

ಇರುತ್ತದೆ. ತಾನಾಗಿ ಬಹಳ ನಿಧಾನ ಹೋಗುತ್ತದೆ, ದಶಕಗಳು ಬೇಕು. ಇನ್ನು ಒಂದು ಉಸಿರಷ್ಟೂ ಹೊಸದು ಹೋಗಬಾರದು. ಬಿ.ಪಿ. ಹಿಡಿತದಲ್ಲಿರಲಿ, ಉಪ್ಪು ಕಡಿಮೆ, ಸಿಕ್ಕಸಿಕ್ಕ ನೋವಿನ ಮಾತ್ರೆ ಬೇಡ, ಎಲುಬಿನ ಕಡೆ ಗಮನ, ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಇಷ್ಟೇ ಚಿಕಿತ್ಸೆ.

ನನಗೆ ಮೋಸ ಹೋದಂತಾಯಿತು. ಇಷ್ಟು ದೊಡ್ಡ ಕಾಯಿಲೆಗೆ ಇಷ್ಟು ಸಣ್ಣ ಪಟ್ಟಿಯೇ? ಪತ್ತಾರರು ಮಾತ್ರ ಗಟ್ಟಿ ನೆಲ ಸಿಕ್ಕವರಂತೆ ಎದ್ದರು. "ತಗಿಯಾಕ ಬರಂಗಿಲ್ಲಂದ್ರ ಹಾಕೂದು ಬಿಡೂದು. ಅದು ನನ್ನ ಕೈಯಾಗ ಐತಿ."

ಅಂದೇ ಗ್ಯಾರೇಜಿನ ರಟ್ಟು ಕಿತ್ತರು. ಕೆ.ಡಿ.ಎಂ. ಪಟ್ಟಿಯನ್ನು ಡಬ್ಬಿಯಲ್ಲಿ ಹಾಕಿ, ಹೊಗೆ ಎಳೆಯುವ ದೊಡ್ಡ ಯಂತ್ರವಿರುವ ಚಿನ್ನ ಶುದ್ಧಿ ಮಾಡುವವರಿಗೆ, ಒಳಗೆ ಏನಿದೆ ಎಂದು ದಪ್ಪಗೆ ಬರೆದು, ಒಪ್ಪಿಸಿ ಬಂದರು. ಅಂಗಡಿಯಲ್ಲಿ ಬಳಸುತ್ತಿದ್ದ ಕ್ಯಾಡ್ಮಿಯಂ ಇಲ್ಲದ ಬೆಸುಗೆಯನ್ನು ಹಿಡಿದರು. ಅಂಗಡಿಯ ಕಡಿಮೆ ದರ್ಜೆಯ ಚಿನ್ನಕ್ಕೆ ಅದು ಸರಿ, ನಮ್ಮ ಒಡವೆಯ ಮೇಲೆ ಬೇಗ ಹರಿಯುವುದಿಲ್ಲ. ಕೈ ಮೂವತ್ತು ವರ್ಷ ಕಲಿತದ್ದನ್ನು ಬಿಟ್ಟು ಬೇರೆ ಶಾಖಕ್ಕೆ ಒಗ್ಗಬೇಕಾಯಿತು. ಐವತ್ತೇಳನೆಯ ವಯಸ್ಸಿನಲ್ಲಿ ತಾಮ್ರದ ತುಂಡುಗಳ ಮೇಲೆ ಹೊಸಬನ ಹಾಗೆ ಅಭ್ಯಾಸ ಮಾಡುತ್ತಿದ್ದರು, ಕೆಟ್ಟದ್ದನ್ನು ನನಗೇ ತೋರಿಸಿ ನಗುತ್ತಿದ್ದರು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಒಂದು ಭಾನುವಾರ ಬೆಳಿಗ್ಗೆ ಡೈರಿಗೆ ಬಂದು, "ಬಳಿ ಬಿಚ್ರಿ ಅಕ್ಕಾರ" ಎಂದರು. ಕೈಯಲ್ಲಿ ಆ ಉಳಿ.

"ನಾ ಹಾಕಿದ ಬೆಸಿಗಿ ಒಳಗ ಒಂದೀಟು ಕ್ಯಾಡ್ಮಿಯಂ ಉಳದೈತ್ರಿ. ಹಾಕ್ಕೊಂಡಾವ್ರಿಗೆ ಏನೂ ಆಗಂಗಿಲ್ಲ. ಮುಂದ ಇದು ಮುರಿದ್ರ ಯಾವನೋ ಒಬ್ಬಾಂವ ಕಾಸ್ತಾನ, ಕರಗಸ್ತಾನ. ಅವಂಗ ಗೊತ್ತಿರಂಗಿಲ್ಲ. ಬೆಸಿಗಿ ಬಾಜೂಕ ಒಂದು ಚುಕ್ಕಿ ಹೊಡಿತೀನಿ. ಚುಕ್ಕಿ ತೋರ್ಸಿ, ಇದರಾಗ ಕ್ಯಾಡ್ಮಿಯಂ ಐತಿ, ಹೊಗಿ ತಗೋಬ್ಯಾಡ ಅಂತ ಹೇಳ್ರಿ."

"ಚುಕ್ಕಿ ಇದ್ರೆ ರೇಟು ಇಳಿಸ್ತಾರೆ, ಪತ್ತಾರ್ರೇ. ಬಾಯಲ್ಲೇ ಹೇಳಿದ್ರೆ ಆಗಲ್ವಾ?"

"ನೀವು ಮರೀತೀರಿ. ನಿಮ್ಮ ಮಗಳಿಗೆ ಗೊತ್ತಿರಂಗಿಲ್ಲ. ಚುಕ್ಕಿ ಮರಿಯಂಗಿಲ್ಲ."

ಎರಡಕ್ಕೆ ಹಾಕಿ, ಎರಡು ಬಿಡಿ ಎಂದೆ. ನಿಜವಾಗಿ ಹಾಗೆಂದೆ. ಅವರು ಉಳಿ ಹಿಡಿದು ನಿಂತರು, ಗಿರಾಕಿಗಳು ಹಿಂದೆ ಸಾಲುಗಟ್ಟಿದರೂ ಕದಲಲಿಲ್ಲ. ಬಿಚ್ಚಿ ಕೊಟ್ಟೆ. ಲಾಟರಿ ಚೀಟಿಯ ಕೌಂಟರಿನ ಮೇಲೆ ಬಟ್ಟೆ ಹಾಸಿ, ಬೆಸುಗೆ ಇದ್ದಲ್ಲೆಲ್ಲ ಚುಕ್ಕಿ ಹೊಡೆದರು. ಸಾಸಿವೆಗಿಂತ ಚಿಕ್ಕದು. ಆಮೇಲೆ ಸಾಲಿನಲ್ಲಿದ್ದವರಿಗೆಲ್ಲ "ಸಾರಿ, ಸಾರಿ" ಎಂದು ಹೋದರು.

ಹೀಗೆ ಶುರುವಾದದ್ದು ಏಳು ವರ್ಷ ನಡೆಯಿತು. ಯಾರ ಯಾರ ಒಡವೆ ಮಾಡಿದ್ದರೋ ಎಲ್ಲ ಅವರ ತಲೆಯಲ್ಲಿತ್ತು. "ಮಕ ಮರೀತೀನ್ರಿ, ಬೆಸಿಗಿ ಮರಿಯಂಗಿಲ್ಲ" ಎನ್ನುವರು. ಯುಗಾದಿ ಊಟಕ್ಕೆ ಉಪ್ಪಿಲ್ಲದ ರೊಟ್ಟಿಯ ಡಬ್ಬಿ ಒಂದು ಕೈಯಲ್ಲಿ, ಉಳಿ ಜೇಬಿನಲ್ಲಿ. ಸರ ಬಿಚ್ಚಿಸಿಕೊಂಡು ಮೂಲೆಯಲ್ಲಿ ಕೂತುಬಿಡುವರು. ಕೆಲವರು ಕೊಟ್ಟರು, ಕೆಲವರು ಅವರನ್ನು ಕಂಡರೆ ಸೆರಗು ಹೊದ್ದುಕೊಂಡರು. ಹ್ಯಾಮಿಲ್ಟನ್‌ನ ರೊಟೊಟೂನ ಬಡಾವಣೆಗೆ ಮನೆ ಬದಲಾಯಿಸಿದ್ದ ಒಬ್ಬಾಕೆಯ ಜುಮುಕಿಗಾಗಿ ಇಡೀ ದಿನ ಬಸ್ಸಿನಲ್ಲಿ ಹೋದರು. ಆಕೆ ಊಟ ಮಾಡಿ ಎಂದರೆ ಉಪ್ಪಿದೆ ಬೇಡ ಎಂದು, ಚುಕ್ಕಿ ಹೊಡೆದು, ಮೊಸರು ಕುಡಿದು ಮರುದಿನದ ಬಸ್ಸಿಗೆ ವಾಪಸು.

ಮೂರು ತಿಂಗಳಿಗೊಮ್ಮೆ ರಕ್ತ ಕೊಟ್ಟು ಫಲಿತಾಂಶ ಬಂದ ದಿನ ಡೈರಿಯ ಬಾಗಿಲಲ್ಲಿ ನಿಲ್ಲುವರು. ಒಳಗೆ ಗಿರಾಕಿ ಇದ್ದರೆ ಮಾತಿಲ್ಲ. ಅಂಗೈಯನ್ನು ನೆಲಕ್ಕೆ ಸಮನಾಗಿ ಚಾಚಿ ತೋರಿಸುವರು. ಕಿಡ್ನಿಯ ಶಕ್ತಿ ನಿಂತಿದೆ, ಇಳಿದಿಲ್ಲ ಎಂದು ಅರ್ಥ. ಎರಡು ಸಲ ಅಂಗೈ ಸ್ವಲ್ಪ ಕೆಳಗೆ ವಾಲಿತು. ಉಪ್ಪು ಇನ್ನೂ ಬಿಟ್ಟರು, ನದಿಯ ಏರಿಯ ಮೇಲಿನ ನಡಿಗೆ ಇನ್ನೂ ಉದ್ದವಾಯಿತು, ಅಂಗೈ ಮತ್ತೆ ಸಮವಾಯಿತು. ಡಯಾಲಿಸಿಸ್ ಯಂತ್ರದ ಮುಖ ಅವರು ಕೊನೆಯವರೆಗೂ ನೋಡಲಿಲ್ಲ. ಈ ಶರತ್ಕಾಲದಲ್ಲಿ ಒಂದು ಬೆಳಿಗ್ಗೆ ನಡೆದು ಬಂದು, ಬೂಟು ಬಿಚ್ಚಲು ಕುಳಿತವರು ಏಳಲಿಲ್ಲ. ಹೃದಯ ಎಂದರು.

ಗ್ಯಾರೇಜು ಖಾಲಿಯಾದ ಮೇಲೆ, ನಾನು ಮಾರದೆ ಉಳಿಸಿದ್ದ ಉಳಿಯನ್ನು ಅವರ ಹೆಂಡತಿ ನನ್ನ ಕೈಗಿಟ್ಟರು. "ಆಕ್ಲೆಂಡಿನ ತಕಾನಿನಿ ಹುಡುಗೀದು ಒಂದ ಸರ ಉಳೀತು, ಅಕ್ಕಾ. ಮುಂದಿನ ತಿಂಗಳು ಹೋಗೂಣು ಅಂದಿದ್ರು."

ಆ ಹುಡುಗಿ ನನಗೂ ಗೊತ್ತು. ಬೆಂಗಳೂರಿನವಳು. ಹೊಸದಾಗಿ ಮದುವೆಯಾಗಿ ಲೋವರ್ ಹಟ್‌ನಲ್ಲಿದ್ದಾಗ ಮದುವೆಯ ಸರ ತುಂಡಾಗಿ, ನನ್ನ ಡೈರಿಗೇ ತಂದುಕೊಟ್ಟಿದ್ದಳು. ಕೆ.ಡಿ.ಎಂ. ಎಂದು ಕೇಳಬೇಕಮ್ಮಾ ಎಂದು ಅವಳಿಗೆ ಹೇಳಿಕೊಟ್ಟವಳೂ ನಾನೇ. ಎರಡು ದಿನ ಡೈರಿಗೆ ಬೇರೆಯವರನ್ನು ಕೂರಿಸಿ ಆಕ್ಲೆಂಡಿಗೆ ಹೋದೆ.

ತಕಾನಿನಿಯ ಮನೆ ಇನ್ನೂ ಬಣ್ಣದ ವಾಸನೆ ಹೊಡೆಯುತ್ತಿತ್ತು. ಕಾಫಿ ಕೊಟ್ಟಳು, ಪತ್ತಾರರ ಸುದ್ದಿ ಕೇಳಿ ಕಣ್ಣೊರೆಸಿಕೊಂಡಳು. ಉಳಿ ಹೊರತೆಗೆದಾಗ ಸರವನ್ನು ಮುಚ್ಚಿ ಹಿಡಿದಳು.

"ಆಂಟಿ, ನೆಕ್ಸ್ಟ್ ವೀಕ್ ಇದನ್ನ ಎಕ್ಸ್‌ಚೇಂಜ್ ಮಾಡ್ತಿದೀನಿ. ಮಾರ್ಕ್ ಇದ್ರೆ ರೇಟ್ ಕಟ್ ಮಾಡ್ತಾರೆ."

"ತಗೊಂಡೋರು ಏನ್ಮಾಡ್ತಾರೆ?"

"ಕರಗಿಸ್ತಾರೆ, ಇನ್ನೇನು."

"ಯಾರು?"

ಅವಳಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಎಲ್ಲೋ ಒಂದು ಕೋಣೆಯಲ್ಲಿ ಬಗ್ಗಿ ಕುಳಿತ ಒಬ್ಬ ಮನುಷ್ಯ.

"ಅವ್ರೇ ಹೋದ್ಮೇಲೆ ಇದೆಲ್ಲ ಯಾಕೆ ಆಂಟಿ, ಪ್ಲೀಸ್."

ಬಳೆಗಳನ್ನು ಬಿಚ್ಚಿ ಅವಳ ಮುಂದಿಟ್ಟು ಚುಕ್ಕಿಗಳನ್ನು ತೋರಿಸಿದೆ. "ನಾನೂ ಇದೇ ಮಾತು ಹೇಳಿದ್ದೆ ಕಣೇ. ಎರಡಕ್ಕೆ ಹಾಕಿ ಎರಡು ಬಿಡಿ ಅಂತ ಬೇರೆ ಕೇಳಿದ್ದೆ. ನಿನ್ನ ಜೊತೆ ಆ ಅಂಗಡಿಗೆ ನಾನೇ ಬರ್ತೀನಿ. ಚುಕ್ಕಿ ನೋಡಿ ಒಂದು ಕಾಸು ಇಳಿಸ್ಲಿ ನೋಡೋಣ, ನನ್ನ ಬಾಯಿ ನಿಂಗೆ ಗೊತ್ತಲ್ಲ. ರೇಟು ನಾನು ನೋಡ್ಕೋತೀನಿ. ಚುಕ್ಕಿ ಮಾತ್ರ ಬಿಡಲ್ಲ."

"ಬಿಡಲ್ವಾ?"

"ಕೊಡೋವರೆಗೂ ಇಲ್ಲೇ ಇರ್ತೀನಿ. ಎರಡು ದಿನಕ್ಕೆ ಉಡೋ ಬಟ್ಟೆ ತಂದಿದೀನಿ."

ನನ್ನ ಚೀಲ ನೋಡಿದಳು, ನನ್ನನ್ನು ನೋಡಿದಳು. ಸರ ಬಿಚ್ಚಿ ಕೊಟ್ಟಳು.

ಊಟದ ಮೇಜಿನ ಮೇಲೆ ಬಟ್ಟೆ ಮಡಚಿ ಹಾಕಿದೆ. ಸುತ್ತಿಗೆ ಇರಲಿಲ್ಲ, ಒರಳಿನ ಕುಟ್ಟಣಿ ತಂದುಕೊಟ್ಟಳು. ಮೇಜು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಬೆಸುಗೆ ಎಲ್ಲಿದೆ ಎಂದು ಹುಡುಕುವುದೇ ಕಷ್ಟವಾಯಿತು. ಅಷ್ಟು ಚೆನ್ನಾಗಿ ಕೂಡಿಸಿದ್ದರು. ಮೊದಲ ಏಟಿಗೆ ಉಳಿ ಜಾರಿ ಒಂದು ಗೀರು ಬಿತ್ತು. ಎರಡನೆಯದು ಕೂತಿತು. ಚುಕ್ಕಿ ಪತ್ತಾರರದ್ದರಂತೆ ಸಾಸಿವೆಗಿಂತ ಚಿಕ್ಕದಲ್ಲ, ಎಳ್ಳಿಗಿಂತ ದಪ್ಪ, ಸ್ವಲ್ಪ ಸೊಟ್ಟ. ಕನ್ನಡಕವಿಲ್ಲದವರಿಗೂ ಕಾಣಿಸುತ್ತದೆ.